ಈ ವಾರದ ಸಂಖ್ಯೆ: 4294967297

ಎಲ್ಲರಿಗೂ ನಮಸ್ಕಾರ. ಇದು 2³²+1. ಗಣಿತಜ್ಞ ಫರ್ಮಾ ಇದನ್ನು ಅವಿಭಾಜ್ಯ ಎಂದೇ ನಂಬಿದ್ದ. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ 641 × 6700417 ಎಂದು ಒಡೆದು ತೋರಿಸಿದ. ಈ ಎರಡೂ ಅವಿಭಾಜ್ಯಗಳೇ.

3, 7, 11 ಎಂದು ಸಾಲಾಗಿ ಭಾಗಿಸುತ್ತ ಕೂರಬೇಡಿ. ಇದರ ಅವಿಭಾಜ್ಯ ಅಪವರ್ತನ ಯಾವುದೇ ಇರಲಿ, 128ರ ಗುಣಕಕ್ಕಿಂತ 1 ಹೆಚ್ಚಿರಲೇಬೇಕು. 129, 385, 513 ಅವಿಭಾಜ್ಯಗಳಲ್ಲ, ಬಿಡಿ. 257ರಿಂದ ಭಾಗಿಸಿದರೆ ಶೇಷ 2. ಮುಂದಿನದೇ 641!

ಉದ್ದ ಭಾಗಾಕಾರ ಮಾಡದೆಯೂ ಇದನ್ನು ತೋರಿಸಬಹುದು, ಅದೇ ಇದರ ಸೊಗಸು. 641 = 5×2⁷+1. ಹಾಗಾಗಿ 641ರ ಲೆಕ್ಕದಲ್ಲಿ (641ರ ಗುಣಕಗಳನ್ನು ಬಿಟ್ಟು ಶೇಷವನ್ನಷ್ಟೇ ನೋಡಿದರೆ) 5×2⁷ ಅಂದರೆ −1. ಇದನ್ನು ನಾಲ್ಕನೇ ಘಾತಕ್ಕೇರಿಸಿದರೆ 5⁴×2²⁸ ಅಂದರೆ 1. ಆದರೆ 641 = 625+16, ಅಂದರೆ 5⁴+2⁴ ಕೂಡ ಹೌದು; ಆದ್ದರಿಂದ 5⁴ ಇದ್ದಲ್ಲಿ −2⁴ ಇಡಿ. ಆಗ −2³² ಅಂದರೆ 1. ಅಲ್ಲಿಗೆ 2³²+1 ಶೇಷವಿಲ್ಲದೆ ಭಾಗವಾಯಿತು. ಪೆನ್ನು ಹಿಡಿದು ಒಮ್ಮೆ ಬರೆದು ನೋಡಿ.

ಕೋಡ್ ಬರೆಯುವವರು ಗಮನಿಸಿ: ಋಣ ಚಿಹ್ನೆಯಿಲ್ಲದ 32 ಬಿಟ್ ವೇರಿಯಬಲ್‌ನಲ್ಲಿ ಇದು ಹಿಡಿಸುವುದಿಲ್ಲ, 1 ಮಾತ್ರ ಉಳಿಯುತ್ತದೆ. 64 ಬಿಟ್ ಬಳಸಿ. ಫರ್ಮಾ ಪರೀಕ್ಷೆಗೆ (n ಅವಿಭಾಜ್ಯವೇ ಎಂದು ನೋಡಲು, ಆಧಾರ ಎಂಬ ಸಂಖ್ಯೆಯನ್ನು n−1ನೇ ಘಾತಕ್ಕೇರಿಸಿ, n ನಿಂದ ಭಾಗಿಸಿದರೆ ಶೇಷ 1 ಬರುತ್ತದೆಯೇ ಎಂದು ನೋಡುವುದು) ಆಧಾರ 2 ಬೇಡ. ಅದರಲ್ಲಿ ಈ ಸಂಖ್ಯೆ ಅವಿಭಾಜ್ಯದಂತೆಯೇ ಪಾಸಾಗುತ್ತದೆ. 3 ತೆಗೆದುಕೊಂಡರೆ ಸಿಕ್ಕಿಬೀಳುತ್ತದೆ.