ಗಗನಸಖಿಯನ್ನು ತಳ್ಳಿದ ಪ್ರಯಾಣಿಕನನ್ನು ಕ್ರಮವಿಲ್ಲದೆ ಬಿಟ್ಟುಕಳಿಸಿದ ಬಗ್ಗೆ ದೂರು

ಇವರಿಗೆ,
ನೋಡಲ್ ಅಧಿಕಾರಿಗಳು, ಪ್ರಯಾಣಿಕರ ದೂರು ವಿಭಾಗ

ಇವರಿಂದ,
ಹುಬ್ಬಳ್ಳಿ-ಧಾರವಾಡದ ವಿಮಾನ ಪ್ರಯಾಣಿಕರು

ಮಾನ್ಯರೇ,

ಕಳೆದ ವಾರ ಬೆಂಗಳೂರಿನಿಂದ ಹುಬ್ಬಳ್ಳಿಗೆ ಬಂದ ನಿಮ್ಮ ಸಂಜೆಯ ಎಟಿಆರ್ (ಪ್ರೊಪೆಲ್ಲರ್ ಇರುವ ಸಣ್ಣ) ವಿಮಾನ ಇಳಿಯುತ್ತಿದ್ದಾಗ ಕುಡಿದಿದ್ದ ಪ್ರಯಾಣಿಕನೊಬ್ಬ ಬೆಲ್ಟ್ ಬಿಚ್ಚಿ ಎದ್ದು ನಿಂತ. ಕೂಡ್ರಲು ಹೇಳಿದ ಗಗನಸಖಿಯನ್ನು ಬೈದು, ಭುಜ ಹಿಡಿದು ತಳ್ಳಿದ. ಆಕೆಯ ಬೆನ್ನು ಸೀಟಿನ ಅಂಚಿಗೆ ಬಡಿಯಿತು. ವಿಮಾನ ಇಳಿದ ಮೇಲೆ ಆತನಿಂದ ಬಾಯಿಮಾತಿನ ಕ್ಷಮೆ ಕೇಳಿಸಿ ಮನೆಗೆ ಕಳಿಸಲಾಯಿತು. ವಿಚಾರಿಸಿದಾಗ ನಿಮ್ಮ ಕೌಂಟರಿನಲ್ಲಿ ಸಿಕ್ಕ ಉತ್ತರ: "ಮ್ಯಾಟರ್ ಅಲ್ಲೇ ಸೆಟ್ಲ್ ಆಗೇದರೀ."

ಇದು ನೀವು ಸೆಟ್ಲ್ ಮಾಡಿ ಮುಗಿಸುವ ವಿಷಯವೇ ಅಲ್ಲ. ವಿಮಾನಯಾನ ನಿಯಂತ್ರಕ ಡಿಜಿಸಿಎ 2017ರಲ್ಲಿ ಪರಿಷ್ಕರಿಸಿದ ನಿಯಮ ಪುಂಡಾಟವನ್ನು ಮೂರು ಹಂತವಾಗಿ ವಿಂಗಡಿಸಿದೆ. ಬೈಗುಳ, ಕುಡಿದು ಗಲಾಟೆ ಮೊದಲನೆಯದು, 3 ತಿಂಗಳವರೆಗೆ ನಿಷೇಧ. ತಳ್ಳುವುದು, ಒದೆಯುವುದು, ಅಸಭ್ಯವಾಗಿ ಮುಟ್ಟುವುದು ಎರಡನೆಯದು, 6 ತಿಂಗಳವರೆಗೆ. ಜೀವಕ್ಕೆ ಅಪಾಯ ತರುವ ಹಲ್ಲೆ, ಕಾಕ್‌ಪಿಟ್‌ಗೆ ನುಗ್ಗುವ ಯತ್ನ ಮೂರನೆಯದು, ಕನಿಷ್ಠ 2 ವರ್ಷ. ಇಲ್ಲಿ ನಡೆದದ್ದು ಸ್ಪಷ್ಟವಾಗಿ ಎರಡನೇ ಹಂತ. ಇದನ್ನು ತೀರ್ಮಾನಿಸಬೇಕಾದದ್ದು ನಿವೃತ್ತ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿ, ಅದೂ 30 ದಿನಗಳೊಳಗೆ. ಆದರೆ ಕ್ಯಾಪ್ಟನ್ನರ ಲಿಖಿತ ವರದಿಯೇ ಇಲ್ಲದಿದ್ದರೆ ಆ ಸಮಿತಿ ಕೂಡುವುದಾದರೂ ಯಾಕೆ? ಆತ ನಾಳೆ ಮತ್ತೆ ಟಿಕೆಟ್ ತೆಗೆದು ಹತ್ತಬಹುದು, ತಡೆಯಲು ಯಾವ ದಾಖಲೆಯೂ ಇಲ್ಲ.

ಎಟಿಆರ್‌ನಲ್ಲಿ ಇದು ಇನ್ನೂ ಗಂಭೀರ. 78 ಸೀಟುಗಳಿಗೆ ಇರುವುದು ಇಬ್ಬರೇ ಕ್ಯಾಬಿನ್ ಸಿಬ್ಬಂದಿ. ಇಳಿಯುವ ಮುನ್ನ ಬೆಲ್ಟು, ಸೀಟಿನ ಬೆನ್ನು, ದಾರಿಗೆ ಅಡ್ಡವಿರುವ ಬ್ಯಾಗು ಎಲ್ಲವನ್ನೂ ನೋಡಿ ಅವರು ತಮ್ಮ ಜಾಗದಲ್ಲಿ ಬೆಲ್ಟ್ ಹಾಕಿಕೊಳ್ಳಬೇಕು. ಒಬ್ಬರು ಕುಡುಕನ ಹಿಂದೆ ಬಿದ್ದರೆ ಅರ್ಧ ಕ್ಯಾಬಿನ್ ಪರೀಕ್ಷೆಯಾಗದೆ ಉಳಿಯುತ್ತದೆ. ಪೈಲಟ್‌ಗಳ ಗಮನ ಪೂರ್ತಿಯಾಗಿ ಇಳಿಸುವುದರ ಮೇಲಿರಬೇಕಾದ ಹೊತ್ತಿಗೇ ಹಿಂದಿನಿಂದ ಇಂಟರ್‌ಕಾಮ್ ಸದ್ದು ಮಾಡುತ್ತದೆ. ತುರ್ತು ಬಾಗಿಲಂತೂ ಪಕ್ಕದ ಸೀಟಿನವರ ಕೈಗೆಟಕುತ್ತದೆ. ಎತ್ತರದಲ್ಲಿ ಒಳಗಿನ ಒತ್ತಡದಿಂದ ಅದು ತೆರೆಯುವುದಿಲ್ಲ, ನೆಲದ ಮೇಲೆ ತೆರೆಯುತ್ತದೆ. 2022ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಪ್ರಯಾಣಿಕರೊಬ್ಬರು ಹಾಗೆಯೇ ತೆರೆದುಬಿಟ್ಟು, ಒತ್ತಡದ ತಪಾಸಣೆ ಮುಗಿದ ಮೇಲಷ್ಟೇ ಆ ವಿಮಾನ ಹೊರಡಬೇಕಾಯಿತು.

ದೇಶದೊಳಗಿನ ವಿಮಾನದಲ್ಲಿ ಮದ್ಯ ಕೊಡುವುದಿಲ್ಲ. ಅಂದಮೇಲೆ ಆತ ಹತ್ತುವಾಗಲೇ ಕುಡಿದಿದ್ದ. ತೊದಲುತ್ತ, ತೂರಾಡುತ್ತ ಬಂದವನ ಬೋರ್ಡಿಂಗ್ ಪಾಸ್ ಸ್ಕ್ಯಾನ್ ಮಾಡಿದ್ದು ನಿಮ್ಮದೇ ಸಿಬ್ಬಂದಿ. ಅಲ್ಲೇ ತಡೆದಿದ್ದರೆ ಆ ಹೆಣ್ಣುಮಗಳು ಪೆಟ್ಟು ತಿನ್ನುತ್ತಿರಲಿಲ್ಲ.

ಕ್ಯಾಪ್ಟನ್ ಎಟಿಸಿಗೆ (ವಾಯು ಸಂಚಾರ ನಿಯಂತ್ರಣ ಕೇಂದ್ರಕ್ಕೆ) ತಿಳಿಸಿ, ವಿಮಾನ ನಿಲ್ಲುವ ಏಪ್ರನ್ನಿಗೆ ಭದ್ರತಾ ಸಿಬ್ಬಂದಿಯನ್ನು ಕರೆಸಿ, ಸಂಸ್ಥೆಯ ಹೆಸರಿನಲ್ಲಿ ದೂರು ಕೊಟ್ಟು ಪ್ರಯಾಣಿಕನನ್ನು ಒಪ್ಪಿಸುವುದು ಕ್ರಮ. ಸಿಬ್ಬಂದಿಯೊಬ್ಬರ ತಲೆಗೆ ಕಟ್ಟಿ "ನೀವು ಬೇಕಾದರೆ ಕೊಡಿ" ಎನ್ನುವುದು ತಪ್ಪು. ಹಲ್ಲೆಗೊಳಗಾದವರಿಗೆ ಮರುದಿನದ ಡ್ಯೂಟಿಯ ಚಿಂತೆಯೂ ಇರುತ್ತದೆ.

ಈಗಲೂ ತಡವಾಗಿಲ್ಲ. ಸಂಸ್ಥೆಯ ವತಿಯಿಂದಲೇ ಪೊಲೀಸರಿಗೆ ದೂರು ಕೊಡಿ. ಇಬ್ಬರೂ ಗಗನಸಖಿಯರ ಮತ್ತು ಅಕ್ಕಪಕ್ಕದ ಸೀಟಿನವರ ಹೇಳಿಕೆ ಬರೆಸಿಕೊಳ್ಳಿ. ಎರಡೂ ನಿಲ್ದಾಣಗಳ ಸಿಸಿಟಿವಿ ದೃಶ್ಯ ಅಳಿಸಿಹೋಗುವ ಮೊದಲು ಕಾಯ್ದಿರಿಸುವಂತೆ ಲಿಖಿತವಾಗಿ ಕೇಳಿ. ಪ್ರಕರಣವನ್ನು ಸಮಿತಿಗೆ ಒಪ್ಪಿಸಿ, ಒಪ್ಪಿಸಿದ ದಿನಾಂಕ ನಮಗೆ ತಿಳಿಸಿ. ಮೂವತ್ತು ದಿನದೊಳಗೆ ಉತ್ತರ ಬಾರದಿದ್ದರೆ ವಿಮಾನಯಾನ ಸಚಿವಾಲಯದ ಏರ್‌ಸೇವಾ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಪ್ರತಿಯನ್ನು ಡಿಜಿಸಿಎಗೆ ಕಳಿಸುತ್ತೇವೆ.

ತಮ್ಮ ವಿಶ್ವಾಸಿಗಳು,
ಹುಬ್ಬಳ್ಳಿ-ಧಾರವಾಡದ ವಿಮಾನ ಪ್ರಯಾಣಿಕರು