ಬದುವಿಗೆ ಹುಲ್ಲೂ ಬೇಕು

ಮಾನ್ಯರೇ,

ಬೇಸಿಗೆ ಬಂತೆಂದರೆ ನಮ್ಮ ಕಡೆ ಉದ್ಯೋಗ ಖಾತ್ರಿಯಲ್ಲಿ ಬದು, ಅಂದರೆ ಹೊಲದ ಮಣ್ಣು ಕೊಚ್ಚಿಹೋಗದಂತೆ ಅಡ್ಡಲಾಗಿ ಮಣ್ಣಿನ ದಿಂಡು, ಹಾಕುವ ಕೆಲಸ ಶುರುವಾಗುತ್ತದೆ. 2020ರ ಕೊರೊನಾ ಕಾಲದಲ್ಲಂತೂ ‘ಬದು ನಿರ್ಮಾಣ ಮಾಸಾಚರಣೆ’ಯೇ ನಡೆಯಿತು. ಬೇಡ ಎನ್ನುವುದಿಲ್ಲ, ಕೆಲಸವಿಲ್ಲದ ದಿನಗಳಲ್ಲಿ ಕೂಲಿ ಸಿಗುತ್ತದೆ. ಆದರೆ ಹಾಕಿದ ಬದು ಎರಡು ಮಳೆಗಾಲ ಕಳೆದ ಮೇಲೆ ಎಲ್ಲಿದೆ ಎಂದು ಯಾರಾದರೂ ಬಂದು ನೋಡಿದ್ದುಂಟೇ?

ನಮ್ಮದು ಎರಡೂವರೆ ಎಕರೆ ಕೆಂಪು ಮಣ್ಣಿನ ಇಳಿಜಾರು ಹೊಲ. ರಾಗಿ ಇಡುತ್ತೇವೆ, ನಡುವಿನ ಅಕ್ಕಡಿ ಸಾಲಿಗೆ ಅವರೆ, ತೊಗರಿ, ಹುಚ್ಚೆಳ್ಳು. ಕೊಟ್ಟಿಗೆಯಲ್ಲಿ ಎರಡು ಸೀಮೆ ಹಸು, ನಾಲ್ಕು ಮೇಕೆ. ಕೃತ್ತಿಕೆ, ರೋಹಿಣಿ ಮಳೆ ಹೊಡೆಯುವಾಗ ಉತ್ತ ಹೊಲ ಬೋಳಾಗಿರುತ್ತದೆ. ತಿಪ್ಪೆಯಿಂದ ಹೊತ್ತು ಹರಡಿದ ಗೊಬ್ಬರ ಹಗುರ, ಮೊದಲು ತೇಲಿ ಹೋಗುವುದು ಅದೇ. ಬರೀ ಮಣ್ಣಿನ ಹೊಸ ಬದು ತಗ್ಗಿನಲ್ಲಿ ಒಡೆಯುತ್ತದೆ, ನಿಂತ ನೀರೆಲ್ಲ ಅಲ್ಲೇ ನುಗ್ಗಿ ಕೊರಕಲು ಬೀಳುತ್ತದೆ. ಒಡೆಯದೆ ಉಳಿದಿದ್ದನ್ನು ಟ್ರಾಕ್ಟರ್ ತಿನ್ನುತ್ತದೆ. ಎತ್ತು ಕಟ್ಟುವವರು ಈಗ ಯಾರಿದ್ದಾರೆ? ಟ್ರಾಕ್ಟರ್ ಬಾಡಿಗೆ ಗಂಟೆ ಲೆಕ್ಕ. ಇಳಿಜಾರಿಗೆ ಅಡ್ಡ ಉಳುಮೆ ಮಾಡಿಸಿದರೆ ತಿರುವು ಜಾಸ್ತಿ, ದುಡ್ಡೂ ಜಾಸ್ತಿ. ಹಾಗಾಗಿ ಎಲ್ಲರೂ ಉದ್ದಕ್ಕೇ ಹೊಡೆಸುತ್ತಾರೆ, ಬದು ಅಡ್ಡ ಬಂದರೆ ಅದರ ಮೇಲೂ ಹೊಡೆಸುತ್ತಾರೆ.

ಇದೇ ಹೊಲದ ನಡುವೆ ನಮ್ಮ ಅತ್ತೆಯವರ ಕಾಲದ ಬದು ಒಂದಿದೆ. ಕೆರೆ ಅಂಗಳದಿಂದ ಲಾವಂಚ ಹುಲ್ಲಿನ ಬುಡ ತಂದು ಅವರು ನೆಟ್ಟಿದ್ದು. ಬುಡಗಳು ಒತ್ತೊತ್ತಾಗಿ ಕೂಡಿಕೊಂಡಿವೆ. ನೀರು ಸೋಸಿ ಕೆಳಗಿಳಿಯುತ್ತದೆ, ಮಣ್ಣು ಮೇಲ್ಗಡೆಯೇ ತಂಗುತ್ತದೆ. ಈಗ ಬದುವಿನ ಮೇಲ್ಗಡೆ ನೆಲ ಕೆಳಗಿನದಕ್ಕಿಂತ ಮೊಣಕಾಲೆತ್ತರ ಏರಿದೆ, ರಾಗಿ ತೆನೆ ಚೆನ್ನಾಗಿ ಕಟ್ಟುವುದೂ ಅಲ್ಲೇ. ಲಾವಂಚದ ಬಲಿತ ಗರಿಯನ್ನು ದನ ಮುಟ್ಟುವುದಿಲ್ಲ. ಸುಗ್ಗಿ ಮುಗಿದು ಊರ ದನವೆಲ್ಲ ಕೊಯ್ದುಳಿದ ಕೂಳೆ ಮೇಯಲು ನುಗ್ಗಿದರೂ ಅದು ಉಳಿಯುವುದು ಅದಕ್ಕೇ. ಸವರಿದ ಮೇಲೆ ಬರುವ ಎಳೆಗರಿಯನ್ನು ಕೊಯ್ದು ಹಾಕಿದರೆ ಹಸು ತಿನ್ನುತ್ತದೆ. ಗುಂಡ್ಲುಪೇಟೆ ಕಡೆಯ ರೈತರು ತಲೆಮಾರುಗಳಿಂದ ಹೊಲದ ಗಡಿಗೆ ಲಾವಂಚ ನೆಡುತ್ತಿದ್ದಾರೆ. ಹುಲ್ಲಿದ್ದರೆ ಇಲಿ, ಹಾವು ಸೇರುತ್ತವೆ ಎಂಬ ದೂರಿದೆ. ಸುಳ್ಳಲ್ಲ, ವರ್ಷಕ್ಕೊಮ್ಮೆ ಬುಡ ಸವರಲೇಬೇಕು.

ಬದುವಿನಿಂದ ಒಂದು ಹೊರೆ ಮೇವು ಬಂದರೆ ಡೇರಿ ಬಟವಾಡೆಯಲ್ಲಿ ಬೂಸಾಕ್ಕೆ ಮುರಿದುಕೊಳ್ಳುವ ದುಡ್ಡು ಅಷ್ಟು ಕಡಿಮೆ. ಮೇವಿಲ್ಲದೆ ಹಸು ಮಾರಿದವರ ತಿಪ್ಪೆಗುಂಡಿ ಖಾಲಿ ಬಿದ್ದಿದೆ.

ತೊಡಕಿರುವುದು ಉದ್ಯೋಗ ಖಾತ್ರಿಯ ಲೆಕ್ಕ ಬರೆಯುವುದರಲ್ಲಿ. ಅಳತೆ ಪುಸ್ತಕ ಕೇಳುವುದು ಎಷ್ಟು ಘನ ಮೀಟರ್ ಮಣ್ಣು ಅಗೆದಿರಿ ಎಂದು. ಅಳತೆಯಾಗಿ, ಜಿಪಿಎಸ್ ಫೋಟೊ ಹೊಡೆದರೆ ಕಾಮಗಾರಿ ಮುಗಿಯಿತು. ಹುಲ್ಲು ನೆಡಬೇಕಾದ್ದು ಜೂನ್ ಕೊನೆಯ ಆರಿದ್ರೆ ಮಳೆಯಲ್ಲಿ; ಅಷ್ಟು ಹೊತ್ತಿಗೆ ಕಡತ ಮುಚ್ಚಿರುತ್ತದೆ. ಪಂಚಾಯಿತಿಯಲ್ಲಿ ಕೇಳಿದ್ದಕ್ಕೆ, ‘ಎಸ್ಟಿಮೇಟಲ್ಲಿ ಹುಲ್ಲಿಲ್ಲ ಕಣಮ್ಮ’ ಎಂದರು.

ಎಸ್ಟಿಮೇಟಿನಲ್ಲಿ ಹುಲ್ಲು ಸೇರಲಿ. ಬದುವಿಗೆ ಇಟ್ಟ ಕೂಲಿ ದಿನಗಳಲ್ಲಿ ಒಂದಿಷ್ಟನ್ನು ಮಳೆ ಹಿಡಿದ ಮೇಲೆ ಹುಲ್ಲು ನೆಡಲು ಉಳಿಸಲಿ, ಕೊನೆಯ ಫೋಟೊವನ್ನು ಹುಲ್ಲು ಬೇರು ಬಿಟ್ಟ ಮೇಲೆ ತೆಗೆಯಲಿ. ಸಣ್ಣ ರೈತರಿಗೆ ಅಡ್ಡ ಉಳುಮೆಯನ್ನು ಎಕರೆ ಲೆಕ್ಕದಲ್ಲಿ ಮಾಡಿಕೊಡುವಂತೆ ಯಂತ್ರಗಳನ್ನು ಬಾಡಿಗೆಗೆ ಕೊಡುವ ಸರ್ಕಾರದ ಕೃಷಿ ಯಂತ್ರಧಾರೆ ಕೇಂದ್ರಗಳಿಗೂ ಹೇಳಲಿ. ಸಸಿ ಎಲ್ಲಿಂದ ತರುವುದು ಎನ್ನುವವರು ನಮ್ಮ ಹೊಲಕ್ಕೆ ಬರಬಹುದು. ಲಾವಂಚದ ಒಂದು ಹಳೇ ಬುಡ ಕಿತ್ತು ಸೀಳಿದರೆ ಹತ್ತಾರು ಕಡೆ ನೆಡಲು ಆಗುತ್ತದೆ, ದುಡ್ಡೇನೂ ಕೊಡಬೇಕಿಲ್ಲ.

– ಒಬ್ಬ ರೈತ ಮಹಿಳೆ, ಚಿಕ್ಕನಾಯಕನಹಳ್ಳಿ ತಾಲ್ಲೂಕು, ತುಮಕೂರು ಜಿಲ್ಲೆ