ಚಾವಣಿಗೆ ಹಾಸುವ ಫೋಮಿನ ದಪ್ಪವನ್ನಷ್ಟೇ ಕೇಳಿದರೆ ಸಾಲದು

ಮಾನ್ಯ ಸಂಪಾದಕರೇ,

ಕಲಬುರಗಿಯಲ್ಲಿ ಇಪ್ಪತ್ತು ವರ್ಷಗಳಿಂದ ಅಂಗಡಿ ಸಂಕೀರ್ಣ, ಕಲ್ಯಾಣ ಮಂಟಪ, ನರ್ಸಿಂಗ್ ಹೋಂಗಳ ಕಟ್ಟಡ ಕೆಲಸದ ಮೇಲ್ವಿಚಾರಣೆ ನಡೆಸುತ್ತ ಬಂದಿರುವ ಸಿವಿಲ್ ಎಂಜಿನಿಯರ್ ನಾನು. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಬಿಸಿಲು ನಮಗೆ ಹೊಸದಲ್ಲ. ಆದರೆ ಹಿಂದೆ ದಪ್ಪ ಮಣ್ಣಿನ ಮೇಲುಮುದ್ದೆಯ ಕೆಳಗೆ ತಂಪಾಗಿ ಕುಳಿತಿದ್ದ ವ್ಯಾಪಾರ ಈಗ ಆರು ಇಂಚಿನ ಕಾಂಕ್ರೀಟ್ ಸ್ಲ್ಯಾಬಿನ ಕೆಳಗೆ, ಎ.ಸಿ. ನಂಬಿಕೊಂಡು ನಡೆಯುತ್ತಿದೆ. ಹಾಗಾಗಿ ವಾಣಿಜ್ಯ ಕಟ್ಟಡಗಳ ತಾರಸಿಯ ಮೇಲೆ ಗಟ್ಟಿ ಫೋಮ್ ಹಾಳೆ ಹಾಸುವ ಪದ್ಧತಿ ಹೆಚ್ಚುತ್ತಿರುವುದು ಒಳ್ಳೆಯ ಬೆಳವಣಿಗೆ. ಆ ಹಾಳೆಯನ್ನು ಆರಿಸುವ ರೀತಿ ಮಾತ್ರ ನನಗೆ ಆತಂಕ ತಂದಿದೆ. ‘ಎಷ್ಟು ಇಂಚು, ಚದರಡಿಗೆ ಎಷ್ಟು ರೂಪಾಯಿ’ ಎಂಬ ಎರಡು ಪ್ರಶ್ನೆಗಳಲ್ಲೇ ಮಾತು ಮುಗಿದುಹೋಗುತ್ತಿದೆ.

ಇದರ ಫಲ ಏನೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಬಟ್ಟೆ ಅಂಗಡಿಯ ತಾರಸಿಗೆ 50 ಮಿ.ಮೀ. ಪಫ್, ಅಂದರೆ ಪಾಲಿಯುರೆಥೇನ್ ಫೋಮ್, ಹಾಳೆ ಹಾಸಿ, ಮೇಲೆ ಸಿಮೆಂಟ್ ಗಾರೆ ಎಳೆದಿದ್ದರು. ಫೋಮಿನ ಕೆಳಗೂ ಮೇಲೂ ಸರಿಯಾದ ಜಲನಿರೋಧಕ ಪದರ ಇರಲಿಲ್ಲ. ಮೂರನೆಯ ಮಳೆಗಾಲದ ಹೊತ್ತಿಗೆ ಒಳಗೆ ಸೋರಿಕೆ ಶುರುವಾಯಿತು, ಎ.ಸಿ.ಯೂ ಮೊದಲಿನ ಹಾಗೆ ತಂಪು ಮಾಡುತ್ತಿಲ್ಲ ಎಂದು ಮಾಲೀಕರು ನನ್ನನ್ನು ಕರೆಸಿದರು. ಗಾರೆ ಒಡೆಸಿ, ಒಂದು ಮೀಟರ್ ಉದ್ದ ಅರ್ಧ ಮೀಟರ್ ಅಗಲದ ಹಾಳೆಯೊಂದನ್ನು ತೆಗೆಸಿದೆ. ಒಣಗಿದ್ದಾಗ ಒಂದು ಕೆ.ಜಿ.ಯೂ ತೂಗಬಾರದ ಆ ಹಾಳೆ ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಆರು ಕೆ.ಜಿ. ತೂಗಿತು. ಬೆರಳಿನಿಂದ ಒತ್ತಿದರೆ ನೀರು ಜಿನುಗುತ್ತಿತ್ತು. ನೀರು ಕುಡಿದ ಫೋಮ್ ಶಾಖವನ್ನು ತಡೆಯುವುದಿಲ್ಲ. ಮಾಲೀಕರು ಕೊಟ್ಟ ಹಣವಷ್ಟೂ ಹೊಂಡಕ್ಕೆ ಬಿದ್ದಂತಾಗಿತ್ತು.

ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವ ಹಾಳೆಗಳು ಮೂರು ಬಗೆಯವು. ನಾವೆಲ್ಲ ಥರ್ಮೋಕೋಲ್ ಎನ್ನುವ ಇಪಿಎಸ್ ಅಗ್ಗ. ಸಾಮಾನ್ಯವಾಗಿ ನೀಲಿ ಅಥವಾ ಗುಲಾಬಿ ಬಣ್ಣದಲ್ಲಿ ಬರುವ ಎಕ್ಸ್‌ಪಿಎಸ್ ಅದಕ್ಕಿಂತ ಗಟ್ಟಿ. ಪಫ್ ಮತ್ತು ಅದರ ಹತ್ತಿರದ ಸಂಬಂಧಿ ಪಿಐಆರ್ ಅಷ್ಟೇ ದಪ್ಪದಲ್ಲಿ ಎಲ್ಲಕ್ಕಿಂತ ಹೆಚ್ಚು ಶಾಖ ತಡೆಯುತ್ತವೆ. ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯ 2017ರ ಆವೃತ್ತಿಯು 100 ಕಿಲೋವ್ಯಾಟ್ ಅಥವಾ ಅದಕ್ಕಿಂತ ಹೆಚ್ಚಿನ ವಿದ್ಯುತ್ ಸಂಪರ್ಕವಿರುವ ಬಹುಪಾಲು ವಾಣಿಜ್ಯ ಕಟ್ಟಡಗಳಿಗೆ ಚಾವಣಿಯ ಯು-ಮೌಲ್ಯವನ್ನು, ಅಂದರೆ ಒಳಹೊರಗಿನ ಒಂದು ಡಿಗ್ರಿ ವ್ಯತ್ಯಾಸಕ್ಕೆ ಒಂದು ಚದರ ಮೀಟರ್ ಮೂಲಕ ಹಾಯುವ ಶಾಖವನ್ನು, 0.33 ವ್ಯಾಟ್‌ಗೆ ಮಿತಿಗೊಳಿಸಿತ್ತು. ಬರಿಯ 150 ಮಿ.ಮೀ. ಸ್ಲ್ಯಾಬಿನಲ್ಲಿ ಇದು ಸುಮಾರು 3.3, ಅಂದರೆ ಹತ್ತು ಪಟ್ಟು. ಅದನ್ನು 0.33ಕ್ಕೆ ಇಳಿಸಲು ಪಿಐಆರ್ ಆದರೆ ಹೆಚ್ಚುಕಡಿಮೆ 65 ಮಿ.ಮೀ., ಎಕ್ಸ್‌ಪಿಎಸ್ ಆದರೆ 80, ಇಪಿಎಸ್ ಆದರೆ 100 ಮಿ.ಮೀ. ಬೇಕು. ಹೀಗಿರುವಾಗ ಯಾವ ಫೋಮ್ ಎಂದು ಹೇಳದೆ ‘ಎರಡು ಇಂಚು’ ಎಂದು ಎಸ್ಟಿಮೇಟಿನಲ್ಲಿ ಬರೆಯುವುದಕ್ಕೆ ಅರ್ಥವೇ ಇಲ್ಲ.

ಹಾಗೆಂದು ಹೆಚ್ಚು ಶಾಖ ತಡೆಯುವುದನ್ನೇ ಕೊಳ್ಳಿ ಎಂದು ನಾನು ಹೇಳಲಾರೆ. ಫೋಮ್ ಜಲನಿರೋಧಕ ಪದರದ ಮೇಲೆ ಬರುತ್ತದೆಯೋ ಕೆಳಗೆ ಬರುತ್ತದೆಯೋ ಎಂಬುದನ್ನು ಮೊದಲು ತೀರ್ಮಾನಿಸಬೇಕು. ಮೇಲೆ ಬರುವುದಾದರೆ ಮಳೆನೀರು ಅದನ್ನು ತೊಯ್ಯಿಸುವುದು ಖಂಡಿತ. ಅಲ್ಲಿಗೆ ತೀರ ಕಡಿಮೆ ನೀರು ಹೀರುವ ಎಕ್ಸ್‌ಪಿಎಸ್ ಒಂದೇ ಸರಿ. ಕಾಂಕ್ರೀಟ್ ತಾರಸಿಗಳಿಗೆ ನನ್ನ ಮನಸ್ಸು ಒಲಿಯುವುದೂ ಇದಕ್ಕೇ. ಸ್ಲ್ಯಾಬಿನ ಮೇಲೆ ಇಳಿಜಾರು, ಅದರ ಮೇಲೆ ಜಲನಿರೋಧಕ ಪದರ, ಎರಡು ದಿನ ನೀರು ನಿಲ್ಲಿಸಿ ಪರೀಕ್ಷೆ, ಆಮೇಲೆ ಸಂದುಗಳು ಒಂದರ ಮೇಲೊಂದು ಬಾರದಂತೆ ಎರಡು ಪದರ ಎಕ್ಸ್‌ಪಿಎಸ್, ಅದರ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ, ಕೊನೆಗೆ ನಮ್ಮದೇ ಶಹಾಬಾದ್ ಫರಸಿ. ಫರಸಿಯ ಭಾರ ಬೇಕೇ ಬೇಕು, ಇಲ್ಲದಿದ್ದರೆ ಜೋರು ಮಳೆಯಲ್ಲಿ ಹಾಳೆಗಳು ತೇಲಿ ಮೇಲೇಳುತ್ತವೆ. 40 ಮಿ.ಮೀ. ಕಲ್ಲು ಚದರ ಮೀಟರಿಗೆ ಸುಮಾರು 100 ಕೆ.ಜಿ. ಬರುತ್ತದೆ, ಇಟ್ಟಿಗೆ ಚೂರು ತುಂಬುವ ಹಳೆಯ ಪದ್ಧತಿಯ ಭಾರಕ್ಕಿಂತ ಇದು ಕಡಿಮೆಯೇ. ಈ ಕ್ರಮದಲ್ಲಿ ಬಿಸಿಲು ಜಲನಿರೋಧಕ ಪದರಕ್ಕೂ ಸ್ಲ್ಯಾಬಿಗೂ ನೇರವಾಗಿ ತಾಗುವುದಿಲ್ಲ. ಮೂವತ್ತು ಮೀಟರ್ ಉದ್ದದ ಸ್ಲ್ಯಾಬು ಮೂವತ್ತು ಡಿಗ್ರಿ ಏರಿಳಿತಕ್ಕೆ ಸುಮಾರು 9 ಮಿ.ಮೀ. ಹಿಗ್ಗಿ ಕುಗ್ಗುತ್ತದೆ. ಪ್ಯಾರಪೆಟ್ ಬುಡದಲ್ಲಿ ಬಿರುಕು ಬಿಡಲು ಇದೂ ಒಂದು ಕಾರಣ. ಚಾವಣಿಯ ಒಳಭಾಗಕ್ಕೆ ಫೋಮ್ ಅಂಟಿಸಿದರೆ ಈ ಹಿಗ್ಗುವಿಕೆಗೆ ಯಾವ ತಡೆಯೂ ಇರುವುದಿಲ್ಲ.

ಫೋಮ್ ಜಲನಿರೋಧಕ ಪದರದ ಕೆಳಗೆ ಬರುವುದಾದರೆ ಲೆಕ್ಕ ಬೇರೆ. ಆ ಪದರವನ್ನು ಗ್ಯಾಸ್ ಬರ್ನರ್ ಹಿಡಿದು ಕಾಯಿಸಿ ಅಂಟಿಸುತ್ತಾರೆ. ಇಪಿಎಸ್ 80 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ, ಎಕ್ಸ್‌ಪಿಎಸ್ ಕೂಡ ಆ ಜ್ವಾಲೆಯನ್ನು ತಾಳುವುದಿಲ್ಲ. ಅಲ್ಲಿ ಪಿಐಆರ್ ಆರಿಸಿ, ಅದರ ಮೇಲೊಂದು ರಕ್ಷಣಾ ಪದರ ಕೊಟ್ಟೇ ಕೆಲಸ ಮಾಡಬೇಕು. ಪೆಟ್ರೋಲಿಯಂ ದ್ರಾವಕದ ಅಂಟು ತಾಗಿದರೂ ಥರ್ಮೋಕೋಲ್ ಕರಗುತ್ತದೆ ಎಂಬುದನ್ನು ಮೇಸ್ತ್ರಿಗಳಿಗೆ ಮೊದಲೇ ಹೇಳಿರಬೇಕು.

ಬೆಂಕಿಯ ವಿಷಯದಲ್ಲಿ ‘ಫೈರ್ ರಿಟಾರ್ಡೆಂಟ್’ ಎಂಬ ಮುದ್ರೆ ನೋಡಿ ನೆಮ್ಮದಿಯಾಗಿರಬೇಡಿ ಎಂದು ಮಾಲೀಕರಲ್ಲಿ ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಬೆಂಕಿ ತಾಗಿದಾಗ ಇಪಿಎಸ್, ಎಕ್ಸ್‌ಪಿಎಸ್ ಕರಗಿ ತೊಟ್ಟಿಕ್ಕುತ್ತವೆ. ಪಿಐಆರ್ ಕರಗದೆ ಕರಿಯಾಗುತ್ತದೆ, ಆದರೂ ಉರಿಯುತ್ತದೆ, ವಿಷದ ಹೊಗೆ ಬಿಡುತ್ತದೆ. 2017ರ ಜೂನ್ 14ರಂದು 72 ಜನರನ್ನು ಬಲಿ ತೆಗೆದುಕೊಂಡ ಲಂಡನ್ನಿನ ಗ್ರೆನ್‌ಫೆಲ್ ಟವರ್ ಬೆಂಕಿ ಹರಡಿದ್ದು ಮುಖ್ಯವಾಗಿ ಗೋಡೆಯ ಹೊರಹೊದಿಕೆಯಿಂದ, ಆದರೆ ಅದರ ಹಿಂದೆ ಇದ್ದ ಫೋಮ್ ಕೂಡ ಹೊತ್ತಿತ್ತು. ಕಾಂಕ್ರೀಟ್ ತಾರಸಿಯಲ್ಲಿ ಫೋಮಿಗೂ ಜನರಿಗೂ ನಡುವೆ ಸ್ಲ್ಯಾಬ್ ಇರುತ್ತದೆ. ತಗಡಿನ ಚಾವಣಿಯ ಗೋದಾಮು, ಕಲ್ಯಾಣ ಮಂಟಪಗಳಲ್ಲಿ ಆ ತಡೆ ಇಲ್ಲ. ಅಲ್ಲಿ ಬೆಂಕಿ ಪರೀಕ್ಷೆಯ ಪ್ರಮಾಣಪತ್ರ ನೋಡದೆ ಒಂದು ಹಾಳೆಯನ್ನೂ ಮೇಲೇರಿಸಬಾರದು.

ನಗರದ ಎಂಜಿನಿಯರುಗಳಲ್ಲಿ ಮತ್ತು ಟೆಂಡರ್ ಬರೆಯುವ ಇಲಾಖೆಗಳಲ್ಲಿ ನನ್ನ ವಿನಂತಿ ಇಷ್ಟೇ: ಎಸ್ಟಿಮೇಟಿನಲ್ಲಿ ಫೋಮಿನ ಬಗೆ, ಸಾಂದ್ರತೆ, ಶಾಖವಾಹಕತೆ, ಭಾರ ತಾಳುವ ಶಕ್ತಿ, ನೀರು ಹೀರುವ ಪ್ರಮಾಣ, ಬೆಂಕಿಯ ದರ್ಜೆಗಳನ್ನು ಅಂಕಿಗಳಲ್ಲಿ ಬರೆಯಿರಿ. ಇಪಿಎಸ್‌ಗೆ ಐಎಸ್ 4671, ಪಫ್ ಮತ್ತು ಪಿಐಆರ್‌ಗೆ ಐಎಸ್ 12436 ಎಂಬ ಭಾರತೀಯ ಮಾನಕಗಳು ದಶಕಗಳಿಂದ ಇವೆ. ಹಾಳೆ ಏರಿದಷ್ಟು ತಾರಸಿಯ ಮಟ್ಟವೂ ಏರುವುದರಿಂದ ಮಳೆನೀರಿನ ಕೊಳವೆಯ ಬಾಯಿ ಮತ್ತು ಮೆಟ್ಟಿಲ ಬಾಗಿಲಿನ ಹೊಸ್ತಿಲನ್ನು ನಕ್ಷೆಯ ಹಂತದಲ್ಲೇ ಎತ್ತರಿಸಿಕೊಳ್ಳಿ.

ಮಾಲೀಕರು ಮಾಡಬಹುದಾದ ಪರೀಕ್ಷೆಯೂ ಒಂದಿದೆ. ಲಾರಿಯಿಂದ ಸರಕು ಇಳಿದ ದಿನವೇ ಯಾವುದಾದರೂ ಒಂದು ಹಾಳೆ ಎಳೆದು ತೂಗಿ ನೋಡಿ. ಘನ ಮೀಟರಿಗೆ 20 ಕೆ.ಜಿ. ಸಾಂದ್ರತೆಯದೆಂದು ಬಿಲ್ಲಿನಲ್ಲಿ ಬರೆದಿರುವ, ಒಂದು ಮೀಟರ್ ಚೌಕದ, 50 ಮಿ.ಮೀ. ದಪ್ಪದ ಇಪಿಎಸ್ ಹಾಳೆ ಒಂದು ಕೆ.ಜಿ. ಇರಬೇಕು. ಆರುನೂರು ಗ್ರಾಂ ತೋರಿಸಿದರೆ ಆ ಲಾರಿಯನ್ನು ಹಾಗೆಯೇ ವಾಪಸ್ ಕಳಿಸಿ. ಒಳ್ಳೆಯ ಸರಕು ಬಂದಿದ್ದರೆ ಅದನ್ನು ನೆರಳಿನಲ್ಲಿ ಇಡಿಸಿ. ಮೇ ತಿಂಗಳಲ್ಲಿ ಕಪ್ಪು ತಾಡಪಾಲಿನ ಕೆಳಗೆ ಬಿಟ್ಟ ಹಾಳೆಗಳು ಹಾಸುವ ಮೊದಲೇ ಸೊಟ್ಟಗಾಗಿರುತ್ತವೆ.

ಇಂತಿ ತಮ್ಮ ಓದುಗ,
ಒಬ್ಬ ಸಿವಿಲ್ ಎಂಜಿನಿಯರ್, ಕಲಬುರಗಿ